ಸತ್ತವರ ಹೆಸರು ಕೇಳುವ ಹಾಡುಗಳು

1931ನೇ ಇಸವಿ. ಅಮೆರಿಕದ ಕೆಂಟಕಿ ರಾಜ್ಯದ ಹಾರ್ಲನ್ ಕೌಂಟಿ. ಸುತ್ತ ಬೆಟ್ಟ, ಬೆಟ್ಟದ ಹೊಟ್ಟೆಯೊಳಗೆ ಕಲ್ಲಿದ್ದಲು. ಗಣಿ ಕಂಪನಿಗಳು ಕೂಲಿ ಇಳಿಸಿದ್ದವು, ಗಣಿಯವರು ಮುಷ್ಕರ ಹೂಡಿದ್ದರು. ಸಂಘ ಕಟ್ಟುವ ಕೆಲಸದಲ್ಲಿ ಮುಂದಿದ್ದ ಸ್ಯಾಮ್ ರೀಸ್ ಎಂಬ ಕಾರ್ಮಿಕರನ್ನು ಹುಡುಕಿಕೊಂಡು ಕೌಂಟಿಯ ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್, ಜೆ.ಎಚ್. ಬ್ಲೇರ್‌ನ ಆಳುಗಳು ಬಂದೂಕು ಹಿಡಿದು ಮನೆಗೆ ನುಗ್ಗಿದರು. ಸ್ಯಾಮ್‌ಗೆ ಮೊದಲೇ ಸುಳಿವು ಸಿಕ್ಕಿತ್ತು, ತಪ್ಪಿಸಿಕೊಂಡಿದ್ದರು. ಮನೆಯಲ್ಲಿ ಇದ್ದದ್ದು ಹೆಂಡತಿ ಫ್ಲಾರೆನ್ಸ್ ಮತ್ತು ಮಕ್ಕಳು. ಬಂದವರು ಮನೆಯನ್ನೆಲ್ಲ ಜಾಲಾಡಿ ಹೋದರು. ಆಮೇಲೆ ಫ್ಲಾರೆನ್ಸ್ ಗೋಡೆಯಲ್ಲಿ ತೂಗುಹಾಕಿದ್ದ ಕ್ಯಾಲೆಂಡರಿನಿಂದ ಒಂದು ಹಾಳೆ ಹರಿದುಕೊಂಡು, ಅದರ ಮೇಲೆ ಒಂದು ಹಾಡು ಬರೆದರು.

ಆ ಹಾಡಿನ ಹೆಸರೇ ಒಂದು ಪ್ರಶ್ನೆ: ‘ವಿಚ್ ಸೈಡ್ ಆರ್ ಯು ಆನ್?’ ಅಂದರೆ, ನೀನು ಯಾರ ಕಡೆ? ಹಾಡಿನೊಳಗೆ ಬ್ಲೇರ್‌ನ ಹೆಸರು ನೇರವಾಗಿ ಬರುತ್ತದೆ. ಈ ಊರಲ್ಲಿ ನಡುವೆ ನಿಲ್ಲುವವರು ಯಾರೂ ಇಲ್ಲ, ಒಂದೋ ಸಂಘದ ಕಡೆ, ಇಲ್ಲವೇ ಬ್ಲೇರ್‌ನ ಕಡೆ ಅನ್ನುವುದು ಅದರ ಸಾರ.

ಇನ್ನೊಂದು ವಿಷಯ ಗಮನಿಸಿ. ಫ್ಲಾರೆನ್ಸ್ ಹೊಸ ರಾಗ ಕಟ್ಟಲು ಹೋಗಲಿಲ್ಲ. ತಮ್ಮ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಎಲ್ಲರಿಗೂ ಬರುತ್ತಿದ್ದ ಒಂದು ಹಳೇ ಭಜನೆಯ ಮಟ್ಟನ್ನೇ ತೆಗೆದುಕೊಂಡರು. ನಮ್ಮ ಕಂಪನಿ ನಾಟಕಗಳ ಹಾಡಿನ ಪುಸ್ತಕಗಳಲ್ಲಿ ಪದ್ಯದ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚು ಹಾಕುತ್ತಿದ್ದರಲ್ಲ, ಹಾಗೆ. ಮಟ್ಟು ಗೊತ್ತಿದ್ದವನು ಮಾತನ್ನು ಒಂದೇ ಸಲ ಕೇಳಿದರೂ ಎರಡನೇ ಸಲಕ್ಕೆ ದನಿಗೂಡಿಸುತ್ತಾನೆ. ಪುಸ್ತಕ ಬೇಡ, ಮೇಷ್ಟ್ರು ಬೇಡ. ಮುಷ್ಕರದ ಬಯಲಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಏನಿದೆ?

ಮುಂದೆ 1973ರಲ್ಲಿ ಅದೇ ಹಾರ್ಲನ್‌ನ ಬ್ರೂಕ್‌ಸೈಡ್ ಗಣಿಯಲ್ಲಿ ಮತ್ತೆ ಮುಷ್ಕರ ನಡೆಯಿತು. ಅಷ್ಟು ಹೊತ್ತಿಗೆ ಮುದುಕಿಯಾಗಿದ್ದ ಫ್ಲಾರೆನ್ಸ್ ಕಾರ್ಮಿಕರ ಸಭೆಯಲ್ಲಿ ನಿಂತು ಆ ಹಾಡನ್ನು ಮತ್ತೆ ಹಾಡಿದರು. ‘ಹಾರ್ಲನ್ ಕೌಂಟಿ, ಯುಎಸ್‌ಎ’ ಎಂಬ 1976ರ ಸಾಕ್ಷ್ಯಚಿತ್ರದಲ್ಲಿ ಅದನ್ನು ನೋಡಬಹುದು. ವಾದ್ಯ ಇಲ್ಲ, ದನಿ ಒಡೆದಿದೆ. ಆದರೂ ಆ ಪ್ರಶ್ನೆ ಎದೆಗೆ ನೇರ ಬಂದು ತಾಗುತ್ತದೆ.

ಕಂಟ್ರಿ ಸಂಗೀತ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಬೇರೆಯದೇ ಚಿತ್ರ. ಕೌಬಾಯ್ ಟೋಪಿ, ಪಿಕಪ್ ಟ್ರಕ್, ಬಿಯರ್, ಹಿಂದೆ ಹಾರುವ ದೊಡ್ಡ ಬಾವುಟ. ನಾನೂ ಬಹಳ ಕಾಲ ಹಾಗೇ ಅಂದುಕೊಂಡಿದ್ದೆ. ಸರ್ಕಾರವನ್ನು, ಯುದ್ಧವನ್ನು, ಗಣಿ ಮಾಲೀಕರನ್ನು ಪ್ರಶ್ನಿಸುವ ಹಾಡು ಬೇಕಾದರೆ ಬೇರೆ ಕಡೆ ಹುಡುಕಬೇಕು ಅನ್ನುವುದು ನನ್ನ ನಂಬಿಕೆಯಾಗಿತ್ತು. ಅದು ತಪ್ಪು. ಈ ಸಂಗೀತದ ಹುಟ್ಟಿನಲ್ಲೇ ಪ್ರತಿಭಟನೆ ಇದೆ. ಅದು ಕೂಗುವ ರೀತಿ ಮಾತ್ರ ಬೇರೆ. ಘೋಷಣೆ ಕಡಿಮೆ, ಕಥೆ ಜಾಸ್ತಿ. ವಾದ ಹೂಡುವ ಬದಲು ಒಬ್ಬ ಮನುಷ್ಯನನ್ನು ನಿಮ್ಮ ಮುಂದೆ ತಂದು ನಿಲ್ಲಿಸಿ, ಅವನ ಹೆಸರು ಹೇಳಿ, ಅವನಿಗೆ ಏನಾಯಿತು ಎಂದು ಹೇಳುತ್ತದೆ.

ಮುಂದೆ ಹೋಗುವ ಮೊದಲು ಮೂರು ಪದಗಳನ್ನು ಬಿಡಿಸಿಕೊಳ್ಳೋಣ. ಅಮೆರಿಕದ ದಕ್ಷಿಣದ ಹಳ್ಳಿಗಳಲ್ಲಿ ಬಿಳಿಯರೂ ಕಪ್ಪು ಜನರೂ ಒಬ್ಬರಿಂದ ಒಬ್ಬರು ಹಾಡು ಕಲಿಯುತ್ತಲೇ ಬಂದಿದ್ದರು. ಫಿಡಲ್ ಯುರೋಪಿನಿಂದ ಬಂದವರದ್ದು. ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ಬಂದವರದ್ದು. ಎರಡೂ ಒಂದೇ ಜಗಲಿಯಲ್ಲಿ ನುಡಿಯುತ್ತಿದ್ದವು. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಬಂದು ಇದನ್ನು ಎರಡು ಪಟ್ಟಿ ಮಾಡಿ ಮಾರಿದವು. ಕಪ್ಪು ಜನ ಹಾಡಿದರೆ ‘ರೇಸ್ ರೆಕಾರ್ಡ್ಸ್’, ಬಿಳಿಯರು ಹಾಡಿದರೆ ‘ಹಿಲ್‌ಬಿಲ್ಲಿ’. ಈ ಹಿಲ್‌ಬಿಲ್ಲಿಗೇ ಮುಂದೆ ‘ಕಂಟ್ರಿ’ ಎಂಬ ಹೆಸರು ನಿಂತಿತು. ಆ ಕಾಲದ ದೊಡ್ಡ ಹೆಸರು ಕಾರ್ಟರ್ ಫ್ಯಾಮಿಲಿ. ಅದರ ಎ.ಪಿ. ಕಾರ್ಟರ್ ಹಾಡು ಸಂಗ್ರಹಿಸಲು ಊರೂರು ತಿರುಗುವಾಗ ಜೊತೆಯಲ್ಲಿ ಇದ್ದವರು ಲೆಸ್ಲಿ ರಿಡ್ಲ್ ಎಂಬ ಕಪ್ಪು ಗಿಟಾರ್ ವಾದಕ. ಎ.ಪಿ. ಮಾತು ಬರೆದುಕೊಳ್ಳುತ್ತಿದ್ದರು, ರಾಗ ನೆನಪಿಟ್ಟುಕೊಳ್ಳುತ್ತಿದ್ದವರು ರಿಡ್ಲ್. ರೆಕಾರ್ಡಿನ ಮೇಲೆ ಅವರ ಹೆಸರು ಬರಲಿಲ್ಲ.

ಕಂಟ್ರಿ-ರಾಕ್ ಅಂದರೆ 1960ರ ದಶಕದ ಕೊನೆಯಲ್ಲಿ ಉದ್ದ ಕೂದಲಿನ ರಾಕ್ ಹುಡುಗರು ಈ ಹಳ್ಳಿ ಸಂಗೀತದ ಕಡೆ ತಿರುಗಿ ಮಾಡಿದ ಬೆರಕೆ. ಬರ್ಡ್ಸ್ ತಂಡದ 1968ರ ‘ಸ್ವೀಟ್‌ಹಾರ್ಟ್ ಆಫ್ ದ ರೋಡಿಯೋ’ ಆಲ್ಬಂ ಅದರ ಮೈಲಿಗಲ್ಲು. ಅಮೆರಿಕಾನಾ ಅನ್ನುವುದು ಇನ್ನೂ ಈಚಿನ ಮಾತು, 1990ರ ದಶಕದ್ದು. ಕಂಟ್ರಿ, ಜಾನಪದ, ಬ್ಲೂಸ್, ರಾಕ್ ಎಲ್ಲವೂ ಸೇರಿದ, ಆದರೆ ದೊಡ್ಡ ಕಂಟ್ರಿ ರೇಡಿಯೋಗಳು ಹಾಕದ ಹಾಡುಗಳಿಗೆ ಒಂದು ಮನೆ ಬೇಕಿತ್ತು. 1999ರಲ್ಲಿ ಅಮೆರಿಕಾನಾ ಮ್ಯೂಸಿಕ್ ಅಸೋಸಿಯೇಷನ್ ಹುಟ್ಟಿತು. ರೇಡಿಯೋ ಯಾಕೆ ಹಾಕುತ್ತಿರಲಿಲ್ಲ ಅನ್ನುವುದೇ ಒಂದು ದೊಡ್ಡ ಕಥೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಈ ಹಾಡುಗಳು ಕೆಲಸ ಮಾಡುವ ಬಗೆ ನೋಡೋಣ. ಅದಕ್ಕೆ ಜಾನಪದ ಗಾಯಕ ವುಡಿ ಗಥ್ರಿಯವರ ಒಂದೇ ಹಾಡು ಸಾಕು.

1948ರ ಜನವರಿ 28. ಕ್ಯಾಲಿಫೋರ್ನಿಯಾದ ಕೋಲಿಂಗಾ ಊರಿನ ಹತ್ತಿರ ಲಾಸ್ ಗ್ಯಾಟೋಸ್ ಕಣಿವೆಯ ಮೇಲೆ ಒಂದು ವಿಮಾನಕ್ಕೆ ಬೆಂಕಿ ಹತ್ತಿ, ರೆಕ್ಕೆ ಮುರಿದು, ನೆಲಕ್ಕೆ ಬಿತ್ತು. ಒಳಗಿದ್ದ 32 ಜನರೂ ಸತ್ತರು. ಅದರಲ್ಲಿ 28 ಜನ ಮೆಕ್ಸಿಕೋದ ಕೃಷಿ ಕೂಲಿಗಳು. ಅಮೆರಿಕದ ತೋಟಗಳಲ್ಲಿ ಹಣ್ಣು ಕೀಳಲು ಬಂದಿದ್ದವರು. ಕೆಲವರು ಒಪ್ಪಂದದ ಮೇಲೆ ಬಂದು ಅವಧಿ ಮುಗಿದಿದ್ದವರು, ಕೆಲವರು ಕಾಗದಪತ್ರ ಇಲ್ಲದೆ ಬಂದಿದ್ದವರು. ಸರ್ಕಾರ ಅವರನ್ನು ವಾಪಸ್ ಕಳಿಸುತ್ತಿತ್ತು. ಸುದ್ದಿ ಬಂದಾಗ ವಿಮಾನ ನಡೆಸುತ್ತಿದ್ದವರ ಮತ್ತು ಕಾವಲಿನ ಅಧಿಕಾರಿಯ ಹೆಸರು ಇತ್ತು. ಉಳಿದ 28 ಜನರಿಗೆ ಇದ್ದದ್ದು ಒಂದೇ ಹೆಸರು: ಡಿಪೋರ್ಟೀಸ್. ಗಡೀಪಾರಾದವರು. ಅಷ್ಟೇ.

ಗಥ್ರಿ ಆಗ ನ್ಯೂಯಾರ್ಕಿನಲ್ಲಿ ಇದ್ದರು. ಅವರೇ ಒಕ್ಲಹೋಮಾದವರು. 1930ರ ದಶಕದ ಧೂಳು ಬಿರುಗಾಳಿಗೆ ಹೊಲ ಕಳೆದುಕೊಂಡು ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೋದ ತಮ್ಮ ಜನರನ್ನು ಅಲ್ಲಿನವರು ‘ಓಕೀ’ ಎಂದು ಹೀಯಾಳಿಸುವುದನ್ನು ಕಣ್ಣಾರೆ ಕಂಡವರು. ಹೆಸರಿನ ಜಾಗದಲ್ಲಿ ಒಂದು ಮುದ್ರೆ ಒತ್ತಿಬಿಡುವುದು ಅಂದರೆ ಏನು ಎಂದು ಅವರಿಗೆ ಗೊತ್ತಿತ್ತು. ಅವರು ಒಂದು ಕವಿತೆ ಬರೆದರು. ಸುಮಾರು ಹತ್ತು ವರ್ಷದ ಬಳಿಕ ಮಾರ್ಟಿನ್ ಹಾಫ್‌ಮನ್ ಎಂಬ ಶಾಲಾ ಮೇಷ್ಟ್ರು ಅದಕ್ಕೆ ರಾಗ ಹಾಕಿದರು. ಅದೇ ‘ಡಿಪೋರ್ಟೀ’.

ಆ ಹಾಡು ಹೇಗೆ ಕಟ್ಟಿದೆ ನೋಡಿ. ಅದು ವಿಮಾನದಿಂದ ಶುರುವಾಗುವುದಿಲ್ಲ. ಹಣ್ಣಿನಿಂದ ಶುರುವಾಗುತ್ತದೆ. ಸುಗ್ಗಿ ಮುಗಿದಿದೆ, ಪೀಚ್ ಹಣ್ಣು ಕೊಳೆಯುತ್ತಿದೆ, ಕಿತ್ತಳೆಯನ್ನು ರಾಶಿ ಸುರಿದಿದ್ದಾರೆ, ಯಾರೂ ತಿನ್ನದಂತೆ ಮೇಲೆ ಕ್ರಿಯೋಸೋಟ್ ಎಣ್ಣೆ ಹಾಕಿದ್ದಾರೆ. ಬೆಲೆ ಬೀಳಬಾರದು ಎಂದು ಹಣ್ಣನ್ನು ಎಸೆಯುವ ವ್ಯವಸ್ಥೆ, ಆ ಹಣ್ಣನ್ನು ಕಿತ್ತವರನ್ನೂ ಹಾಗೇ ಎಸೆಯುತ್ತಿದೆ. ಗಥ್ರಿ ಇದನ್ನು ಬಿಡಿಸಿ ಹೇಳುವುದಿಲ್ಲ. ಎರಡನ್ನೂ ಪಕ್ಕ ಪಕ್ಕ ಇಡುತ್ತಾರೆ, ಅಷ್ಟೇ. ಪಲ್ಲವಿಯಲ್ಲಿ ಅವರು ಸತ್ತವರಿಗೆ ವಿದಾಯ ಹೇಳುತ್ತಾರೆ. ನಿಜವಾದ ಹೆಸರು ಗೊತ್ತಿಲ್ಲದ್ದರಿಂದ ಹುವಾನ್, ರೊಸಾಲಿಟಾ, ಹೆಸೂಸ್, ಮರಿಯಾ ಎಂದು ತಾವೇ ಹೆಸರಿಟ್ಟು ಕರೆಯುತ್ತಾರೆ. ಒಬ್ಬ ಅಪರಿಚಿತ, ಅಪರಿಚಿತರ ಶವಗಳಿಗೆ ಹೆಸರಿಟ್ಟು ಬೀಳ್ಕೊಡುವುದು. ನನ್ನ ಮಟ್ಟಿಗೆ ಇಡೀ ಪರಂಪರೆಯ ಎದೆಬಡಿತ ಇಲ್ಲೇ ಕೇಳಿಸುತ್ತದೆ.

ಈ ಹಾಡನ್ನು ಯಾರು ಯಾರು ಹಾಡಿದ್ದಾರೆ ನೋಡಿದರೆ ಅದು ಎಷ್ಟು ದೂರ ಹರಡಿದೆ ಎಂದು ತಿಳಿಯುತ್ತದೆ. 1969ರಲ್ಲಿ ಬರ್ಡ್ಸ್, ಆಮೇಲೆ ಡಾಲಿ ಪಾರ್ಟನ್, 1985ರಲ್ಲಿ ಹೈವೇಮೆನ್. ಎಲ್ಲ ಕಂಟ್ರಿಯ ಅಂಗಳದವರೇ.

ಹೈವೇಮೆನ್ ತಂಡದಲ್ಲಿದ್ದ ಗಾಯಕ ಜಾನಿ ಕ್ಯಾಶ್, ಹೆಸರಿನ ಈ ರಾಜಕೀಯವನ್ನು ಬಹಳ ಹಿಂದೆಯೇ ಹಿಡಿದಿದ್ದರು. ಎರಡನೇ ಮಹಾಯುದ್ಧದಲ್ಲಿ ಇವೊ ಜಿಮಾ ದ್ವೀಪದ ಗುಡ್ಡದ ಮೇಲೆ ಅಮೆರಿಕದ ಸೈನಿಕರು ಬಾವುಟ ನೆಡುವ ಫೋಟೋ ನೀವು ನೋಡಿರಬಹುದು. ಆ ಆರು ಜನರಲ್ಲಿ ಒಬ್ಬ ಐರಾ ಹೇಯ್ಸ್, ಅರಿಜೋನಾದ ಪೀಮಾ ಬುಡಕಟ್ಟಿನವ. ದೇಶ ಅವನನ್ನು ವೀರ ಎಂದು ಮೆರೆಸಿತು, ಆಮೇಲೆ ಮರೆತಿತು. 1955ರಲ್ಲಿ, 32ನೇ ವಯಸ್ಸಿನಲ್ಲಿ, ಕುಡಿತಕ್ಕೆ ಬಿದ್ದಿದ್ದ ಹೇಯ್ಸ್ ತನ್ನ ಊರ ಕಡೆಯೇ ಬಯಲಲ್ಲಿ ಸತ್ತು ಬಿದ್ದಿದ್ದ. ಪೀಟರ್ ಲಾ ಫಾರ್ಜ್ ಬರೆದ ‘ದ ಬ್ಯಾಲಡ್ ಆಫ್ ಐರಾ ಹೇಯ್ಸ್’ ಈ ಕಥೆಯನ್ನು ನೀರಿನಿಂದ ಶುರು ಮಾಡುತ್ತದೆ. ಪೀಮಾ ಜನರ ಹೊಲಕ್ಕೆ ಹರಿಯುತ್ತಿದ್ದ ನೀರನ್ನು ಬಿಳಿಯರು ಕಿತ್ತುಕೊಂಡರು. ಕೊನೆಗೆ ಹಾಡಿನಲ್ಲಿ ಐರಾ ಸಾಯುವುದು ಒಂದು ಕಾಲುವೆಯ ಎರಡೇ ಇಂಚು ನೀರಿನಲ್ಲಿ. ಕಸಿದುಕೊಂಡ ನೀರು, ಸಾವಿನ ನೀರು. ಎಲ್ಲೂ ‘ಅನ್ಯಾಯ’ ಎಂಬ ಪದ ಬೇಕಾಗುವುದಿಲ್ಲ.

ಕ್ಯಾಶ್ 1964ರಲ್ಲಿ ಇದನ್ನು ಹಾಡಿದಾಗ ರೇಡಿಯೋಗಳು ಹಿಂಜರಿದವು. ಆಗ ಅವರು ಮಾಡಿದ ಕೆಲಸ ಕಂಟ್ರಿ ಸಂಗೀತದ ಇತಿಹಾಸದಲ್ಲೇ ಅಪರೂಪದ್ದು. ಆಗಸ್ಟ್ 22ರ ಬಿಲ್‌ಬೋರ್ಡ್ ಪತ್ರಿಕೆಯಲ್ಲಿ ದುಡ್ಡು ಕೊಟ್ಟು ಒಂದು ಇಡೀ ಪುಟದ ಜಾಹೀರಾತು ಹಾಕಿಸಿ, ರೇಡಿಯೋ ಮಾಲೀಕರನ್ನೂ ಡಿಜೆಗಳನ್ನೂ ನಿಮಗೆ ಧೈರ್ಯ ಇಲ್ಲವೇ ಎಂದು ಬಹಿರಂಗವಾಗಿ ಕೇಳಿದರು. ಹಾಡು ಕಂಟ್ರಿ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಏರಿತು. 1970ರ ಏಪ್ರಿಲ್‌ನಲ್ಲಿ ಅಧ್ಯಕ್ಷ ನಿಕ್ಸನ್ ಶ್ವೇತಭವನಕ್ಕೆ ಕರೆದಾಗ, ಹಿಪ್ಪಿಗಳನ್ನು ಹಂಗಿಸುವ ಒಂದು ಹಾಡನ್ನೂ ಸರ್ಕಾರಿ ನೆರವು ಪಡೆಯುವ ಬಡವರನ್ನು ಹಂಗಿಸುವ ಇನ್ನೊಂದು ಹಾಡನ್ನೂ ಹಾಡಿ ಎಂಬ ಕೋರಿಕೆ ಬಂತು. ಕ್ಯಾಶ್ ಎರಡನ್ನೂ ಹಾಡಲಿಲ್ಲ. ಬದಲಿಗೆ ವಿಯೆಟ್ನಾಂ ಯುದ್ಧವನ್ನು ಪ್ರಶ್ನಿಸುವ ಹುಡುಗರ ಪರವಾಗಿ ತಾವೇ ಬರೆದ ‘ವಾಟ್ ಈಸ್ ಟ್ರುತ್’ ಹಾಡಿದರು.

ಅದಾದ ಮೂರನೇ ವಾರಕ್ಕೆ, 1970ರ ಮೇ 4ರಂದು, ಓಹಾಯೊ ರಾಜ್ಯದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧದ ವಿರುದ್ಧ ಸೇರಿದ್ದ ವಿದ್ಯಾರ್ಥಿಗಳ ಮೇಲೆ ನ್ಯಾಷನಲ್ ಗಾರ್ಡ್ ಸೈನಿಕರು ಗುಂಡು ಹಾರಿಸಿದರು. 13 ಸೆಕೆಂಡು, 67 ಗುಂಡು. ನಾಲ್ವರು ಸತ್ತರು, ಒಂಬತ್ತು ಜನ ಗಾಯಗೊಂಡರು. ಲೈಫ್ ಪತ್ರಿಕೆಯಲ್ಲಿ ಬಂದ ಫೋಟೋಗಳನ್ನು ನೋಡಿ ಕಂಟ್ರಿ-ರಾಕ್ ಗಾಯಕ ನೀಲ್ ಯಂಗ್ ಗಿಟಾರ್ ಎತ್ತಿಕೊಂಡರು. ಮೇ 21ಕ್ಕೆ ‘ಓಹಾಯೊ’ ರೆಕಾರ್ಡ್ ಆಯಿತು, ಜೂನ್‌ನಲ್ಲಿ ಅಂಗಡಿಗೆ ಬಂತು. ಹಾಡಿನ ಮೊದಲ ಸಾಲಿನಲ್ಲೇ ನಿಕ್ಸನ್ ಹೆಸರು. ಕೊನೆಯಲ್ಲಿ ಹಾಡು ಇಳಿಯುತ್ತ ಹೋಗುವಾಗ ಹಿಂದಿನಿಂದ ಅವರ ತಂಡದ ಜೊತೆಗಾರ ಡೇವಿಡ್ ಕ್ರಾಸ್ಬಿ ಯಾಕೆ, ಯಾಕೆ ಎಂದು ಕೂಗುವುದು ಕೇಳಿಸುತ್ತದೆ. ಅದನ್ನು ಯಾರೂ ಮೊದಲೇ ಬರೆದಿಟ್ಟಿರಲಿಲ್ಲ. ಹಲವು ಎಎಂ ರೇಡಿಯೋ ಕೇಂದ್ರಗಳು ಹಾಡನ್ನು ಹಾಕಲು ಒಪ್ಪಲಿಲ್ಲ, ಎಫ್‌ಎಂ ಕೇಂದ್ರಗಳು ಹಾಕಿದವು.

ಇದು ಪತ್ರಿಕೆಯ ವೇಗದ ಹಾಡು. ಆದರೆ ಈ ಪರಂಪರೆಯ ಗಟ್ಟಿ ಹಾಡುಗಳು ಹೆಚ್ಚಾಗಿ ನಿಧಾನದವು. ಜಾನ್ ಪ್ರೈನ್ ಷಿಕಾಗೋ ಪಕ್ಕದಲ್ಲಿ ಅಂಚೆಯವರಾಗಿದ್ದರು. ಮನೆ ಮನೆಗೆ ಕಾಗದ ಹಂಚುತ್ತ ನಡೆಯುವಾಗಲೇ ಹಾಡು ಕಟ್ಟುತ್ತಿದ್ದರು. ವಿಯೆಟ್ನಾಂ ಯುದ್ಧದ ಕಾಲ. ರೀಡರ್ಸ್ ಡೈಜೆಸ್ಟ್ ಪತ್ರಿಕೆಯೊಳಗೆ ಒಂದು ಬಾವುಟದ ಸ್ಟಿಕ್ಕರ್ ಪುಕ್ಕಟೆ ಬಂತು. ಪ್ರೈನ್ ಪತ್ರಿಕೆ ಹಂಚಿದರು. ಮರುದಿನ ಅದೇ ಬೀದಿಯಲ್ಲಿ ಹೋದರೆ ಎಲ್ಲಿ ನೋಡಿದರೂ ಬಾವುಟದ ಸ್ಟಿಕ್ಕರ್. ಅದರಿಂದ ಹುಟ್ಟಿದ ಹಾಡಿನಲ್ಲಿ ಒಬ್ಬ ತನ್ನ ಕಾರಿನ ಗಾಜಿಗೆ ಎಷ್ಟು ಬಾವುಟ ಅಂಟಿಸುತ್ತಾನೆ ಅಂದರೆ ರಸ್ತೆ ಕಾಣದೆ ಅಪಘಾತವಾಗಿ ಸಾಯುತ್ತಾನೆ. ಸ್ವರ್ಗದ ಬಾಗಿಲಲ್ಲಿ ಜಾಗ ಇಲ್ಲ ಅಂತಾರೆ, ನಿಮ್ಮ ಕೊಳಕು ಯುದ್ಧದಿಂದ ಇಲ್ಲಿ ಈಗಲೇ ತುಂಬಿದೆ ಅಂತ. ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಆ ಮಾತು ಒಳಗೆ ಇಳಿಯುತ್ತದೆ.

ಈ ಹಾಡು ಇರುವ 1971ರ ಆಲ್ಬಂನಲ್ಲೇ ‘ಸ್ಯಾಮ್ ಸ್ಟೋನ್’ ಕೂಡ ಇದೆ. ಯುದ್ಧದಿಂದ ಗಾಯಗೊಂಡು ಬಂದ ಸೈನಿಕ ಮಾರ್ಫಿನ್‌ಗೆ ಅಂಟಿಕೊಂಡ ಕಥೆ. ಚರಣಗಳನ್ನು ಹಾಡುವವನು ಹೊರಗಿನವ. ಪಲ್ಲವಿ ಬಂದಾಗ ಮಾತ್ರ ದನಿ ಅವನ ಮಗುವಿನದ್ದಾಗಿಬಿಡುತ್ತದೆ. ಅಪ್ಪನ ತೋಳಿನ ತೂತೊಳಗೆ ಮನೆಯ ದುಡ್ಡೆಲ್ಲ ಹೋಗುತ್ತಿದೆ ಎಂದು ಮಗು ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತದೆ. ಯುದ್ಧ ಸರಿಯೋ ತಪ್ಪೋ ಎಂಬ ಚರ್ಚೆಯೇ ಇಲ್ಲ. ಆದರೆ ಆ ಪಲ್ಲವಿ ಕೇಳಿದ ಮೇಲೆ ಎಷ್ಟೋ ಹೊತ್ತು ಮಾತು ಹೊರಡುವುದಿಲ್ಲ. ನನಗಂತೂ ಪ್ರತಿ ಸಲ ಹೀಗೇ ಆಗುತ್ತದೆ.

ಕಥೆಯ ಮೂಲಕ ಹೇಳುವುದರಲ್ಲಿ ಒಂದು ಅಪಾಯವೂ ಇದೆ. ಜನ ಕಥೆ ಬಿಟ್ಟು ಪಲ್ಲವಿ ಮಾತ್ರ ಎತ್ತಿಕೊಂಡು ಹೋಗುತ್ತಾರೆ.

ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ ‘ಬಾರ್ನ್ ಇನ್ ದ ಯುಎಸ್‌ಎ’ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಚರಣಗಳಲ್ಲಿ ಇರುವುದು ವಿಯೆಟ್ನಾಂನಿಂದ ಮರಳಿ ಬಂದು, ಕೆಲಸ ಸಿಗದೆ, ಸರ್ಕಾರಿ ಕಚೇರಿಯಲ್ಲೂ ಕೈಚೆಲ್ಲಿದ ಒಬ್ಬ ಕಾರ್ಮಿಕನ ಗೋಳು. ಪಲ್ಲವಿ ಕೇಳಿದರೆ ಮಾತ್ರ ಜಯಘೋಷದ ಹಾಗಿದೆ. 1984ರ ಸೆಪ್ಟೆಂಬರ್‌ನಲ್ಲಿ ರೊನಾಲ್ಡ್ ರೇಗನ್ ನ್ಯೂಜೆರ್ಸಿಯ ಚುನಾವಣಾ ಭಾಷಣದಲ್ಲಿ ಸ್ಪ್ರಿಂಗ್‌ಸ್ಟೀನ್ ಹಾಡುಗಳು ಸಾರುವ ಭರವಸೆಯನ್ನು ಹೊಗಳಿದರು. ಹೀಗಾಗಲು ಸಂಗೀತವೂ ಕಾರಣ ಎಂದು ನನಗೆ ಅನಿಸುತ್ತದೆ. ಇದೇ ಹಾಡನ್ನು ಸ್ಪ್ರಿಂಗ್‌ಸ್ಟೀನ್ 1982ರಲ್ಲಿ ಮನೆಯಲ್ಲಿ ಒಂದು ಕ್ಯಾಸೆಟ್ ಯಂತ್ರದ ಮುಂದೆ, ಗಿಟಾರ್ ಮಾತ್ರ ಹಿಡಿದು ಹಾಡಿದ್ದರು. 1998ರಲ್ಲಿ ಅದು ಹೊರಬಂತು. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮಾತು ಹೆಚ್ಚುಕಡಿಮೆ ಅದೇ, ಆದರೆ ಕ್ಯಾಸೆಟ್ಟಿನ ಹಾಡನ್ನು ಯಾವ ಮೆರವಣಿಗೆಯಲ್ಲೂ ಹಾಕಲಾಗದು. ಡ್ರಮ್ ಮತ್ತು ಸಿಂಥಸೈಜರ್ ಬಂದ ಕೂಡಲೇ ನೋವಿನ ಮೇಲೆ ಹಬ್ಬದ ಬಟ್ಟೆ ಹೊದಿಸಿದ ಹಾಗಾಯಿತು.

ಗಥ್ರಿಯವರ ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ಗೂ ಇದೇ ಗತಿ. ‘ಗಾಡ್ ಬ್ಲೆಸ್ ಅಮೆರಿಕ’ ಎಂಬ ಹಾಡನ್ನು ರೇಡಿಯೋದಲ್ಲಿ ಕೇಳಿ ಕೇಳಿ ಬೇಸತ್ತು 1940ರಲ್ಲಿ ಅದಕ್ಕೆ ಉತ್ತರವಾಗಿ ಬರೆದದ್ದು. ಮೂಲದಲ್ಲಿ ‘ಖಾಸಗಿ ಜಾಗ’ ಎಂಬ ಬೋರ್ಡು ದಾರಿಗೆ ಅಡ್ಡ ಬರುವ ಒಂದು ಚರಣ ಇತ್ತು. ಪರಿಹಾರದ ಕಚೇರಿ ಮುಂದೆ ಹಸಿದು ಸಾಲು ನಿಂತವರನ್ನು ನೋಡಿ, ಈ ನಾಡು ನಿಜವಾಗಿ ನಮ್ಮದೇ ಎಂದು ಕೇಳುವ ಇನ್ನೊಂದು ಇತ್ತು. ಶಾಲೆಗಳಿಗೆ ಹೋಗುವಷ್ಟರಲ್ಲಿ ಎರಡೂ ಬಿದ್ದುಹೋದವು, ಗೋಧಿ ಹೊಲ ಮತ್ತು ಕಾಡು, ಕಣಿವೆ ಉಳಿದವು. 2009ರ ಜನವರಿಯಲ್ಲಿ ಒಬಾಮ ಅಧಿಕಾರ ವಹಿಸಿಕೊಳ್ಳುವ ಮುನ್ನ ಲಿಂಕನ್ ಸ್ಮಾರಕದ ಮುಂದೆ ನಡೆದ ಕಾರ್ಯಕ್ರಮದಲ್ಲಿ, 89 ವರ್ಷದ ಜಾನಪದ ಗಾಯಕ ಪೀಟ್ ಸೀಗರ್, ಸ್ಪ್ರಿಂಗ್‌ಸ್ಟೀನ್ ಜೊತೆ ನಿಂತು ಆ ಬಿದ್ದುಹೋದ ಚರಣಗಳನ್ನೂ ಸೇರಿಸಿ ಹಾಡಿದರು.

ಈಚಿನದು 2023ರದ್ದು. ಆಲಿವರ್ ಆಂಥೊನಿ ಎಂಬ ಯಾರಿಗೂ ಗೊತ್ತಿಲ್ಲದ ಗಾಯಕರ ‘ರಿಚ್ ಮೆನ್ ನಾರ್ತ್ ಆಫ್ ರಿಚ್ಮಂಡ್’ (ರಿಚ್ಮಂಡ್‌ನ ಉತ್ತರಕ್ಕಿರುವ, ಅಂದರೆ ರಾಜಧಾನಿ ವಾಷಿಂಗ್ಟನ್ನಿನ, ಶ್ರೀಮಂತರು) ಒಮ್ಮೆಲೇ ಬಿಲ್‌ಬೋರ್ಡ್ ಪಟ್ಟಿಯ 1ನೇ ಸ್ಥಾನಕ್ಕೆ ಬಂದು ಕೂತಿತು. ರಿಪಬ್ಲಿಕನ್ ಪಕ್ಷದ ಚುನಾವಣಾ ಚರ್ಚೆ ಆ ಹಾಡಿನಿಂದಲೇ ಶುರುವಾಯಿತು. ವೇದಿಕೆ ಮೇಲೆ ನಿಂತಿರುವ ಅಂಥವರ ಬಗ್ಗೆಯೇ ನಾನು ಆ ಹಾಡು ಬರೆದದ್ದು ಎಂದು ಆಂಥೊನಿ ಆಮೇಲೆ ಹೇಳಿದರು. ಹಾಗೆಂದು ಅದು ಎಡಪಂಥದ ಹಾಡೂ ಅಲ್ಲ. ಸರ್ಕಾರಿ ನೆರವು ಪಡೆಯುವ ಬಡವರನ್ನು ಚುಚ್ಚುವ ಸಾಲು ಅದರಲ್ಲಿದೆ, ಆ ಸಾಲು ನನಗೆ ಒಪ್ಪಿಗೆಯಾಗುವುದಿಲ್ಲ. ಈ ಸಂಗೀತದಲ್ಲಿ ಸಿಟ್ಟು ಎಲ್ಲ ದಿಕ್ಕಿನಿಂದಲೂ ಬರುತ್ತದೆ ಎಂದು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಇದನ್ನು ಮರ್ಲ್ ಹ್ಯಾಗರ್ಡ್ ಅವರಷ್ಟು ಚೆನ್ನಾಗಿ ತೋರಿಸುವವರು ಇನ್ನೊಬ್ಬರಿಲ್ಲ. ಅವರ ಅಪ್ಪ ಅಮ್ಮ ಒಕ್ಲಹೋಮಾದಿಂದ ಗುಳೆ ಬಂದವರು, ಅವರು ಬೆಳೆದದ್ದು ಮನೆ ಮಾಡಿಕೊಂಡ ಒಂದು ಹಳೇ ರೈಲು ಡಬ್ಬಿಯಲ್ಲಿ. 1969ರಲ್ಲಿ ಅವರು ಬರೆದ ‘ಓಕೀ ಫ್ರಮ್ ಮಸ್ಕೋಗಿ’ ಯುದ್ಧ ವಿರೋಧಿ ಹುಡುಗರನ್ನು ಹಂಗಿಸುವ ಹಾಡು. ನಿಕ್ಸನ್ ಕಡೆಯವರು ಕ್ಯಾಶ್ ಬಾಯಲ್ಲಿ ಕೇಳಬೇಕೆಂದಿದ್ದ ಹಾಡುಗಳಲ್ಲಿ ಅದೂ ಒಂದು. ಅದು ಗೆದ್ದ ಮೇಲೆ ಹ್ಯಾಗರ್ಡ್ ಹೊರತರಬೇಕೆಂದಿದ್ದದ್ದು ‘ಇರ್ಮಾ ಜಾಕ್ಸನ್’. ಬಿಳಿ ಹುಡುಗ ಮತ್ತು ಕಪ್ಪು ಹುಡುಗಿಯ ಪ್ರೀತಿಯ ಹಾಡು. ರೆಕಾರ್ಡ್ ಕಂಪನಿ ಬೇಡ ಎಂದಿತು. ಬದಲಿಗೆ ಇನ್ನೊಂದು ಬಾವುಟದ ಹಾಡು ಬಂತು. ‘ಇರ್ಮಾ ಜಾಕ್ಸನ್’ 1972ರ ತನಕ ಕಾಯಬೇಕಾಯಿತು. ಅಂದರೆ ಒಬ್ಬ ಗಾಯಕನ ರಾಜಕೀಯ ಎಂದು ನಾವು ನೋಡುವುದರಲ್ಲಿ ಎಷ್ಟು ಭಾಗ ಅವನದ್ದು, ಎಷ್ಟು ಭಾಗ ಮಾರುವವರದ್ದು?

ರೇಡಿಯೋ ಕಥೆ ಇಲ್ಲಿಗೆ ಬಂತು. ಲೊರೆಟಾ ಲಿನ್ ಗರ್ಭನಿರೋಧಕ ಮಾತ್ರೆಯ ಬಗ್ಗೆ ಹಾಡಿದ ‘ದ ಪಿಲ್’ 1972ರಲ್ಲೇ ರೆಕಾರ್ಡ್ ಆಗಿ 1975ರ ತನಕ ಪೆಟ್ಟಿಗೆಯಲ್ಲಿ ಕೂತಿತ್ತು. ಬಂದಾಗ ಅನೇಕ ಕಂಟ್ರಿ ಕೇಂದ್ರಗಳು ಹಾಕಲಿಲ್ಲ. ಆದರೂ ಆಗ ಒಂದು ಊರಿನ ಕೇಂದ್ರ ಬೇಡ ಎಂದರೆ ಪಕ್ಕದ ಊರಿನದ್ದು ಹಾಕಬಹುದಿತ್ತು. 1996ರ ದೂರಸಂಪರ್ಕ ಕಾಯ್ದೆ ಒಂದು ಕಂಪನಿ ದೇಶದಲ್ಲಿ ಎಷ್ಟು ರೇಡಿಯೋ ಕೇಂದ್ರ ಇಟ್ಟುಕೊಳ್ಳಬಹುದು ಎಂಬ ಮಿತಿಯನ್ನು ತೆಗೆದುಹಾಕಿತು. ಕೇಂದ್ರಗಳು ಕೆಲವೇ ಕೈಗಳಿಗೆ ಸೇರಿದವು. ಇದರ ಬಿಸಿ ಗೊತ್ತಾದದ್ದು 2003ರಲ್ಲಿ.

ಮಾರ್ಚ್ 10, ಲಂಡನ್. ಇರಾಕ್ ಮೇಲೆ ಯುದ್ಧ ಶುರುವಾಗಲು ಹತ್ತು ದಿನ ಇತ್ತು. ಡಿಕ್ಸಿ ಚಿಕ್ಸ್ ತಂಡದ ನಟಾಲಿ ಮೇನ್ಸ್ ವೇದಿಕೆ ಮೇಲೆ, ನಮಗೆ ಈ ಯುದ್ಧ ಬೇಡ, ಅಧ್ಯಕ್ಷರು ನಮ್ಮ ಟೆಕ್ಸಾಸ್‌ನವರು ಅನ್ನುವುದು ನಮಗೆ ನಾಚಿಕೆ ಎಂದರು. ಒಂದೆರಡು ವಾಕ್ಯ. ಆಗ ಅವರ ‘ಟ್ರಾವೆಲಿನ್ ಸೋಲ್ಜರ್’ ಕಂಟ್ರಿ ಪಟ್ಟಿಯ ತುದಿಯಲ್ಲಿತ್ತು. ವಿಯೆಟ್ನಾಂಗೆ ಹೋದ ಒಬ್ಬ ಹುಡುಗ, ತನಗಾಗಿ ಕಾಯಲು ಯಾರೂ ಇಲ್ಲದ್ದರಿಂದ ಹೋಟೆಲಿನಲ್ಲಿ ಬಡಿಸುವ ಹುಡುಗಿಗೆ ಪತ್ರ ಬರೆಯುವ ಹಾಡು. ಊರಿನ ಆಟದ ಮೈದಾನದಲ್ಲಿ ಸತ್ತವರ ಹೆಸರು ಓದುವಾಗ ಅವನ ಹೆಸರೂ ಬರುತ್ತದೆ. ಅದಕ್ಕೆ ಅಳುವವಳು ಅವಳೊಬ್ಬಳೇ. ಸೈನಿಕನ ಮೇಲೆ ಇಷ್ಟು ಮಮತೆ ಇರುವ ಹಾಡನ್ನು ಸೈನಿಕರ ಮೇಲಿನ ಅಭಿಮಾನದ ಹೆಸರಲ್ಲೇ ರೇಡಿಯೋಗಳು ಕೆಳಗಿಳಿಸಿದವು. ಒಂದು ದೊಡ್ಡ ಕಂಪನಿ ತನ್ನ ಎಲ್ಲ ಕಂಟ್ರಿ ಕೇಂದ್ರಗಳಿಗೂ ಅವರ ಹಾಡು ಹಾಕಬೇಡಿ ಎಂದು ಆದೇಶ ಕೊಟ್ಟಿತು. ಲೂಯಿಸಿಯಾನಾದಲ್ಲಿ ಅವರ ಸಿಡಿಗಳ ಮೇಲೆ ಟ್ರ್ಯಾಕ್ಟರ್ ಹರಿಸಿದರು. ಕೊಲ್ಲುವ ಬೆದರಿಕೆಗಳು ಬಂದವು. 2006ರಲ್ಲಿ ಅವರು ‘ನಾಟ್ ರೆಡಿ ಟು ಮೇಕ್ ನೈಸ್’ ಹಾಡಿದರು. ಮರುವರ್ಷ ಐದು ಗ್ರ್ಯಾಮಿ ಬಂತು. ಕಂಟ್ರಿ ರೇಡಿಯೋ ಮಾತ್ರ ಅವರನ್ನು ಮೊದಲಿನ ಹಾಗೆ ಮತ್ತೆ ಸೇರಿಸಿಕೊಳ್ಳಲಿಲ್ಲ.

ಇಂಥವರಿಗೆ ಆಸರೆಯಾದದ್ದು ಅಮೆರಿಕಾನಾ. ಆ ಅಸೋಸಿಯೇಷನ್ ವಾಕ್ ಸ್ವಾತಂತ್ರ್ಯಕ್ಕೇ ಒಂದು ಪ್ರಶಸ್ತಿ ಇಟ್ಟಿತು. 2002ರಲ್ಲಿ ಮೊದಲು ಅದನ್ನು ಪಡೆದವರು ಜಾನಿ ಕ್ಯಾಶ್.

ಈ ಮನೆಯಲ್ಲೇ ರಿಯಾನನ್ ಗಿಡನ್ಸ್ ಎಂಬ ಕಪ್ಪು ಗಾಯಕಿ ಬ್ಯಾಂಜೊ ಹಿಡಿದು, ಕಪ್ಪು ಹಾಡು ಬಿಳಿ ಹಾಡು ಎಂದು ಬೇರೆ ಮಾಡಿದ ಆ 1920ರ ದಶಕದ ಪಟ್ಟಿಯನ್ನೇ ಅಳಿಸುತ್ತಿದ್ದಾರೆ. ಗುಲಾಮರ ಕಾಲದ ಒಂದು ಪತ್ರಿಕಾ ಜಾಹೀರಾತು ಅವರ ಕಣ್ಣಿಗೆ ಬಿತ್ತು. ಮಾರಾಟಕ್ಕೆ ಇರುವುದು ಒಬ್ಬ ಯುವತಿ. ಅವಳಿಗೆ ಒಂಬತ್ತು ತಿಂಗಳ ಮಗು ಇದೆ, ಮಗು ಬೇಕೋ ಬೇಡವೋ ಅನ್ನುವುದು ಕೊಳ್ಳುವವರ ಇಷ್ಟ ಎಂದು ಬರೆದಿತ್ತು. ‘ಕೊಳ್ಳುವವರ ಇಷ್ಟ’ ಎಂಬ ಆ ಮಾತನ್ನೇ ಹಾಡಿನ ಹೆಸರು ಮಾಡಿ, ಆ ತಾಯಿಯೇ ಮಾತಾಡುವ ಹಾಗೆ ಬರೆದರು. 2017ರ ‘ಫ್ರೀಡಂ ಹೈವೇ’ ಆಲ್ಬಂನಲ್ಲಿ ಇದೆ. ಹೆಸರಿಲ್ಲದ ಒಬ್ಬಳಿಗೆ ಇಲ್ಲಿ ಹೆಸರು ಸಿಗುವುದಿಲ್ಲ. ಆದರೆ ದನಿ ಸಿಗುತ್ತದೆ.

ಇನ್ನೊಂದು ಪ್ರಶ್ನೆ ಉಳಿದಿದೆ. ಬೇರೆಯವರ ತಪ್ಪನ್ನು ಎತ್ತಿ ತೋರಿಸುವ ಹಕ್ಕು ಯಾರಿಗೆ? ನೀಲ್ ಯಂಗ್ ಕೆನಡಾದವರು. 1970ರ ‘ಸದರ್ನ್ ಮ್ಯಾನ್’, 1972ರ ‘ಅಲಬಾಮಾ’ ಹಾಡುಗಳಲ್ಲಿ ಅವರು ಅಮೆರಿಕದ ದಕ್ಷಿಣದವರ ಜನಾಂಗ ದ್ವೇಷವನ್ನು ಬೆರಳು ತೋರಿಸಿ ಬೈದರು. ಫ್ಲಾರಿಡಾದ ಲಿನರ್ಡ್ ಸ್ಕಿನರ್ಡ್ ತಂಡ 1974ರ ‘ಸ್ವೀಟ್ ಹೋಮ್ ಅಲಬಾಮಾ’ದಲ್ಲಿ ಯಂಗ್ ಹೆಸರನ್ನೇ ಹಿಡಿದು ತಿರುಗೇಟು ಕೊಟ್ಟಿತು. ಜನ ಇದನ್ನು ದೊಡ್ಡ ಜಗಳ ಎಂದುಕೊಂಡರು. ಆದರೆ ಸ್ಕಿನರ್ಡ್‌ನ ರಾನಿ ವ್ಯಾನ್ ಜ್ಯಾಂಟ್ ತಮ್ಮದೇ ಆಲ್ಬಂ ಮುಖಪುಟದಲ್ಲಿ ನೀಲ್ ಯಂಗ್ ಟೀಶರ್ಟ್ ಹಾಕಿಕೊಂಡು ನಿಂತಿದ್ದಾರೆ. ಯಂಗ್ ಕೂಡ 2012ರ ಆತ್ಮಕಥೆಯಲ್ಲಿ, ‘ಅಲಬಾಮಾ’ಗೆ ಆ ಏಟು ಬೀಳಬೇಕಾದದ್ದೇ, ಅದರ ಮಾತುಗಳಲ್ಲಿ ದೂರುವ ದನಿ, ಮೇಲಿನಿಂದ ನೋಡುವ ದನಿ ಇದೆ ಎಂದು ಒಪ್ಪಿಕೊಂಡರು. ಹೇಳಿದ ವಿಷಯದಲ್ಲಿ ಸುಳ್ಳಿರಲಿಲ್ಲ, ನಿಂತು ಹೇಳಿದ ಜಾಗ ಸರಿ ಇರಲಿಲ್ಲ.

ಅದೇ ಮಾತನ್ನು ಒಳಗಿನಿಂದ ಹೇಳಿದರೆ ಹೇಗಿರುತ್ತದೆ? ಜೇಸನ್ ಇಸ್ಬೆಲ್ ಅಲಬಾಮಾದವರೇ. 2017ರ ‘ವೈಟ್ ಮ್ಯಾನ್ಸ್ ವರ್ಲ್ಡ್’ ಹಾಡಿನಲ್ಲಿ ಅವರು ಬೆರಳು ತೋರಿಸುವುದು ತಮ್ಮ ಕಡೆಗೇ. ಗೆಳೆಯರ ನಡುವೆ ಯಾರೋ ಒಬ್ಬ ಬಿಳಿಯ ಕೆಟ್ಟ ಜೋಕ್ ಹೇಳಿದಾಗ ಕೇಳಿಸದವನ ಹಾಗೆ ಇದ್ದುಬಿಟ್ಟೆನಲ್ಲ, ಅಂಥವರಲ್ಲಿ ನಾನೂ ಒಬ್ಬನಾದೆನಲ್ಲ ಎಂಬ ಕೊರಗು ಅದರಲ್ಲಿದೆ. ಹಾಗೆ ಸುಮ್ನೆ ಇದ್ದುಬಿಟ್ಟದ್ದು ನಮ್ಮೆಲ್ಲರಿಗೂ ಗೊತ್ತು, ಅಲ್ವಾ? ಇಸ್ಬೆಲ್ ಮೊದಲು ಇದ್ದ ಡ್ರೈವ್-ಬೈ ಟ್ರಕರ್ಸ್ ತಂಡದ್ದೂ ಇದೇ ದಾರಿ. ಅವರ 2016ರ ‘ರಮೋನ್ ಕಾಸಿಯಾನೊ’ ಹಾಡು, 1931ರಲ್ಲಿ ಟೆಕ್ಸಾಸ್‌ನ ಲರೇಡೊ ಊರಲ್ಲಿ ಗುಂಡೇಟಿಗೆ ಸತ್ತ 15 ವರ್ಷದ ಒಬ್ಬ ಹುಡುಗನದ್ದು. ಹೊಡೆದವ 17 ವರ್ಷದ ಹಾರ್ಲನ್ ಕಾರ್ಟರ್. ಶಿಕ್ಷೆಯಾಯಿತು, ಮೇಲ್ಮನವಿಯಲ್ಲಿ ರದ್ದಾಯಿತು. ಆತ ಬೆಳೆದು ಗಡಿ ಕಾವಲು ಪಡೆಯ ಮುಖ್ಯಸ್ಥನಾದ, ಆಮೇಲೆ ಬಂದೂಕು ಮಾಲೀಕರ ಬಲಿಷ್ಠ ಸಂಘ ಎನ್‌ಆರ್‌ಎಯ ನಾಯಕನಾದ. ಕೊಂದವನ ಹೆಸರು ಇತಿಹಾಸದಲ್ಲಿ ಉಳಿಯಿತು. ಹಾಡು ತನ್ನ ಶೀರ್ಷಿಕೆಯಲ್ಲಿ ಇಟ್ಟುಕೊಂಡದ್ದು ಸತ್ತವನ ಹೆಸರನ್ನು.

2010ರ ಏಪ್ರಿಲ್ 5ರಂದು ವೆಸ್ಟ್ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ ಸ್ಫೋಟವಾಗಿ 29 ಕಾರ್ಮಿಕರು ಸತ್ತರು. ಸುರಕ್ಷತೆಯ ನಿಯಮ ಮುರಿಯುವ ಸಂಚಿನಲ್ಲಿ ಭಾಗಿ ಎಂದು ಕಂಪನಿಯ ಮುಖ್ಯಸ್ಥನಿಗೆ ಆಮೇಲೆ ಒಂದು ವರ್ಷ ಜೈಲಾಯಿತು. ಸ್ಟೀವ್ ಅರ್ಲ್ ಈ ದುರಂತದ ಮೇಲೆ 2020ರಲ್ಲಿ ‘ಗೋಸ್ಟ್ಸ್ ಆಫ್ ವೆಸ್ಟ್ ವರ್ಜೀನಿಯಾ’ ಎಂಬ ಆಲ್ಬಂ ಮಾಡಿದರು. ಅದರಲ್ಲಿ ‘ಇಟ್ಸ್ ಅಬೌಟ್ ಬ್ಲಡ್’ ಎಂಬ ಹಾಡಿದೆ. ಹಾಡು ಕೊನೆಗೆ ಬಂದಾಗ ಅರ್ಲ್ ಹಾಡುವುದನ್ನು ನಿಲ್ಲಿಸಿ, ಸತ್ತವರ ಹೆಸರುಗಳನ್ನು ಒಂದಾದ ಮೇಲೆ ಒಂದು ಕೂಗಿ ಹೇಳುತ್ತಾರೆ. ಹಿಂದೆ ವಾದ್ಯಗಳು ಬಡಿಯುತ್ತಲೇ ಇರುತ್ತವೆ. ರೂಪಕ ಇಲ್ಲ, ಪ್ರಾಸ ಇಲ್ಲ. 29 ಜನರ ಹಾಜರಿ.

ಲಾಸ್ ಗ್ಯಾಟೋಸ್‌ನಲ್ಲಿ ಸತ್ತ 28 ಮೆಕ್ಸಿಕನ್ನರನ್ನು ಫ್ರೆಸ್ನೋ ನಗರದ ಹೋಲಿ ಕ್ರಾಸ್ ಸ್ಮಶಾನದಲ್ಲಿ ಒಂದೇ ಗುಂಡಿಯಲ್ಲಿ ಹೂಳಿದ್ದರು. ಮೇಲೆ ಇಟ್ಟ ಕಲ್ಲಿನಲ್ಲಿ ವಿಮಾನ ಅಪಘಾತದಲ್ಲಿ ಸತ್ತ 28 ಮೆಕ್ಸಿಕೋ ಪ್ರಜೆಗಳು ಎಂದಷ್ಟೇ ಇತ್ತು. ಕ್ಯಾಲಿಫೋರ್ನಿಯಾದ ಟಿಮ್ ಝಡ್. ಹರ್ನಾಂಡೆಜ್ ಎಂಬ ಬರಹಗಾರರು, ಅವರೂ ಕೃಷಿ ಕೂಲಿಗಳ ಮನೆಯಿಂದ ಬಂದವರು, ಆ ಹೆಸರುಗಳನ್ನು ಹುಡುಕುತ್ತ ಹೊರಟರು. ದಾಖಲೆ ತಿರುವಿದರು, ಹೆಸರುಗಳ ತಪ್ಪು ತಿದ್ದಿದರು, ಸತ್ತವರ ಕುಟುಂಬಗಳನ್ನು ಹುಡುಕಿದರು. 2013ರ ಸೆಪ್ಟೆಂಬರ್‌ನಲ್ಲಿ, ಹಾಡು ಹುಟ್ಟಿ 65 ವರ್ಷ ಆದ ಮೇಲೆ, ಅದೇ ಸ್ಮಶಾನದಲ್ಲಿ ಹೊಸ ಕಲ್ಲು ನೆಟ್ಟರು. ಆ 28 ಜನರ ಹೆಸರೂ ಅದರ ಮೇಲೆ ಈಗ ಇದೆ.